ಎತ್ತಿಟ್ಟ ಅಸಲು: ಒಂದು ಪುಟ್ಟ ಕಾಡುಪ್ರಾಣಿಯ ಜೀನೋಮ್ ಓದಿದ ಕಥೆ



ಇದು ದತ್ತಿ ಉಪನ್ಯಾಸವಾದ್ದರಿಂದ ದತ್ತಿ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ದತ್ತಿಯ ನಿಯಮ ಸರಳವಾದದ್ದು. ಅಸಲನ್ನು ಮುಟ್ಟಬಾರದು, ಅದರ ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಹಣ ಇಟ್ಟವರಿಗೆ ಮುಂದೆ ಯಾರು ಬಂದು ಮಾತನಾಡುತ್ತಾರೆ, ಯಾವ ವಿಷಯ ಎತ್ತಿಕೊಳ್ಳುತ್ತಾರೆ, ಕೇಳಲು ಯಾರು ಕೂತಿರುತ್ತಾರೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೂ ಇಡುತ್ತಾರೆ. ನಾನು ಇಂದು ಹೇಳುವ ಕಥೆಯಲ್ಲೂ ಅಂಥದ್ದೊಂದು ಅಸಲು ಇದೆ. ಅದು ಬೆರಳುದ್ದದ ಒಂದು ಸಣ್ಣ ಸೀಸೆಯಲ್ಲಿ, ದ್ರವ ಸಾರಜನಕದ ಚಳಿಯಲ್ಲಿ, ದಶಕಗಳ ಕಾಲ ಹಾಗೇ ಇತ್ತು.

ಅದು ಕರಿಗಾಲಿನ ಫೆರೆಟ್ ಎಂಬ ಪುಟ್ಟ ಸಸ್ತನಿಯ ಜೀವಕೋಶಗಳ ಸೀಸೆ. ಈ ಪ್ರಾಣಿ ಇರುವುದು ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ. ನಮ್ಮಲ್ಲಿ ಹೆಚ್ಚಿನವರು ಅದನ್ನು ಚಿತ್ರದಲ್ಲಿ ಕೂಡ ನೋಡಿರಲಾರರು. ಆದರೂ ಅದರ ಜೀನೋಮ್ ಓದಿದವರು ಕಲಿತ ಪಾಠ ನಮಗೂ ಬೇಕಾದದ್ದು ಎಂದು ಬಲವಾಗಿ ನಂಬಿದ್ದೇನೆ. ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು ಈ ಪ್ರಾಣಿ ಅಳಿದು ಉಳಿದ ಬಗೆ. ಎರಡನೆಯದು, ಜೀನೋಮ್ ಓದುವುದೆಂದರೆ ಏನು. ಮೂರನೆಯದು, ಆ ಓದಿನಿಂದ ತಿಳಿದದ್ದು ಮತ್ತು ಅದರಿಂದ ಆದ ಕೆಲಸ. ಕೊನೆಯದು, ಓದಿನ ಮಿತಿ ಮತ್ತು ನಮ್ಮ ಹೊಣೆ.

ಒಂದು: ಅಳಿದು ಉಳಿದ ಬಗೆ

ಕರಿಗಾಲಿನ ಫೆರೆಟ್ ನಮ್ಮ ನೀರುನಾಯಿಯ, ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟೆನ್‌ನ ದೂರದ ದಾಯಾದಿ. ನೋಡಲು ಮುಂಗುಸಿಯಂತೆ ಉದ್ದ ಮೈ, ಗಿಡ್ಡ ಕಾಲು. ತೂಕ ಒಂದು ಕಿಲೋ ಆಸುಪಾಸು. ಮೈಬಣ್ಣ ಒಣಹುಲ್ಲಿನದು. ಪಾದಗಳು ಮತ್ತು ಬಾಲದ ತುದಿ ಕಪ್ಪು. ಕಣ್ಣಿನ ಸುತ್ತ ಮುಖವಾಡ ಕಟ್ಟಿದಂತೆ ಕಪ್ಪು ಪಟ್ಟಿ. ಹಗಲೆಲ್ಲ ಬಿಲದಲ್ಲಿ ಮಲಗಿ ರಾತ್ರಿ ಬೇಟೆಗೆ ಹೊರಡುತ್ತದೆ. ಗಣತಿಗೆ ಹೋದವರು ಕತ್ತಲಲ್ಲಿ ದೊಡ್ಡ ಟಾರ್ಚಿನ ಬೆಳಕನ್ನು ಹುಲ್ಲಿನ ಮೇಲೆ ನಿಧಾನವಾಗಿ ಹಾಯಿಸುತ್ತಾರೆ. ಬಿಲದ ಬಾಯಲ್ಲಿ ಪಚ್ಚೆಯ ಹರಳಿನಂತೆ ಎರಡು ಹಸಿರು ಚುಕ್ಕಿ ಹೊಳೆದರೆ ಫೆರೆಟ್ ಇದೆ ಎಂದು ಅರ್ಥ.

ಇದರ ಬದುಕು ಪೂರ್ತಿಯಾಗಿ ಪ್ರೇರಿ ಡಾಗ್ ಎಂಬ ಇನ್ನೊಂದು ಪ್ರಾಣಿಯ ಮೇಲೆ ನಿಂತಿದೆ. ಹೆಸರಿನಲ್ಲಿ ನಾಯಿ ಇದ್ದರೂ ಪ್ರೇರಿ ಡಾಗ್ ಅಳಿಲಿನ ಬಳಗದ್ದು. ಹುಲ್ಲುಗಾವಲಿನಲ್ಲಿ ಬಿಲ ತೋಡಿ ಊರು ಕಟ್ಟಿಕೊಂಡಂತೆ ಗುಂಪಾಗಿ ಬಾಳುತ್ತದೆ. ಫೆರೆಟ್‌ಗೆ ಊಟ ಅದೇ, ಮನೆಯೂ ಅದರದೇ ಬಿಲ. ಒಂದು ಫೆರೆಟ್ ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರೇರಿ ಡಾಗ್ ತಿನ್ನುತ್ತದೆ. ಇಪ್ಪತ್ತನೇ ಶತಮಾನದಲ್ಲಿ ದನಗಳ ಮೇವು ಹಾಳು ಮಾಡುತ್ತವೆ ಎಂದು ಪ್ರೇರಿ ಡಾಗ್‌ಗಳಿಗೆ ವಿಷವಿಟ್ಟರು, ಅವುಗಳ ನೆಲವನ್ನು ಉತ್ತು ಹೊಲ ಮಾಡಿದರು. ಊಟ ಹೋಯಿತು, ಮನೆಯೂ ಹೋಯಿತು. 1979ರಲ್ಲಿ ಸಾಕಣೆಯಲ್ಲಿದ್ದ ಕೊನೆಯ ಫೆರೆಟ್ ಸತ್ತಾಗ ಈ ಪ್ರಭೇದದ ಕಥೆ ಮುಗಿಯಿತೆಂದೇ ತಜ್ಞರು ಭಾವಿಸಿದರು.

1981ರ ಸೆಪ್ಟೆಂಬರ್ 26ರಂದು ವಯೋಮಿಂಗ್ ರಾಜ್ಯದ ಮೀಟೀಟ್ಸಿ ಎಂಬ ಸಣ್ಣ ಊರಿನ ಬಳಿ ಶೆಪ್ ಎಂಬ ದನಗಾಹಿ ನಾಯಿ ಸತ್ತ ಪ್ರಾಣಿಯೊಂದನ್ನು ಕಚ್ಚಿ ಮನೆಯಂಗಳಕ್ಕೆ ತಂದಿತು. ಮನೆಯವರಿಗೆ ಅದೇನೆಂದು ತಿಳಿಯಲಿಲ್ಲ. ಸತ್ತ ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬಿ ಕೊಡುವವನ ಬಳಿಗೆ ಒಯ್ದರು. ಅದು ಕರಿಗಾಲಿನ ಫೆರೆಟ್ ಎಂದು ಗುರುತಿಸಿದವನು ಅವನೇ. ಹುಡುಕಾಟ ನಡೆಯಿತು. ಒಂದು ಗುಂಪೇ ಅಲ್ಲಿ ಬದುಕಿತ್ತು. 1984ರಲ್ಲಿ ಎಣಿಸಿದಾಗ 129 ಸಿಕ್ಕವು.

ಆ ಸಂತೋಷ ಒಂದು ವರ್ಷವೂ ಉಳಿಯಲಿಲ್ಲ. 1985ರಲ್ಲಿ ಪ್ರೇರಿ ಡಾಗ್‌ಗಳಿಗೆ ಪ್ಲೇಗು ಬಂತು, ಫೆರೆಟ್‌ಗಳಿಗೆ ನಾಯಿಗಳಿಂದ ಹರಡುವ ಡಿಸ್ಟೆಂಪರ್ ರೋಗ ತಗುಲಿತು. ಸಾಕಣೆಗೆಂದು ಮೊದಲು ಹಿಡಿದ ಆರೂ ಸತ್ತವು. 1987ರ ಫೆಬ್ರವರಿ ಹೊತ್ತಿಗೆ, ಉಳಿದಿದ್ದ 18 ಫೆರೆಟ್‌ಗಳನ್ನು ಹಿಡಿದು ತಂದು ಸಾಕಣೆಗೆ ಹಾಕಿದ್ದರು. ಅವುಗಳಲ್ಲಿ ವಂಶ ಮುಂದುವರಿಸಿದ್ದು ಕೇವಲ 7ರ ರಕ್ತ. ಈ ಏಳು ಎಂಬ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಸಾವಿರಾರು ಮರಿಗಳು ಮುಂದೆ ಹುಟ್ಟಿದವು. 1991ರಿಂದ ಅವನ್ನು ಮತ್ತೆ ಹುಲ್ಲುಗಾವಲಿಗೆ ಬಿಡತೊಡಗಿದರು. ಆದರೆ ಎಲ್ಲವೂ ಆ ಏಳರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಯಾವ ಗಂಡಿಗೆ ಯಾವ ಹೆಣ್ಣನ್ನು ತಂದರೂ ಅಣ್ಣತಮ್ಮಂದಿರ ಮಕ್ಕಳ ನಡುವಿನ ಮದುವೆಯಂತೆ.

ಎರಡು: ಜೀನೋಮ್ ಓದುವುದೆಂದರೆ

ಇಲ್ಲಿಂದ ಎರಡನೆಯ ಭಾಗಕ್ಕೆ ಬರುತ್ತೇನೆ. ಕನ್ನಡ ಎಂ.ಎ. ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಗ್ರಂಥಸಂಪಾದನೆಯ ಪತ್ರಿಕೆ ಓದಿದವರಿಗೆ ಜೀನೋಮ್ ಓದು ಬೇಗ ಅರ್ಥವಾಗುತ್ತದೆ.

ಒಂದು ಓಲೆಗರಿಯ ಕಟ್ಟನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಬರೆದಿರುವುದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ. ನಡುವೆ ಬಿಡುವಿಲ್ಲ, ಪೂರ್ಣವಿರಾಮವಿಲ್ಲ. ಫೆರೆಟ್‌ನ ಒಂದು ಪ್ರತಿಯಲ್ಲಿ ಸುಮಾರು 250 ಕೋಟಿ ಅಕ್ಷರ. ಆ ಬರಹದ ವಸ್ತು ಡಿಎನ್ಎ, ಇಡೀ ಬರಹ ಜೀನೋಮ್. ಇದನ್ನು ತುದಿಯಿಂದ ತುದಿಗೆ ಒಮ್ಮೆಲೇ ಓದುವ ಯಂತ್ರ ಇನ್ನೂ ಇಲ್ಲ. ಆದ್ದರಿಂದ ಸಾವಿರಾರು ಜೀವಕೋಶಗಳಿಂದ ಡಿಎನ್ಎ ತೆಗೆದು, ಅದನ್ನು ಚೂರು ಮಾಡಿ, ಚೂರುಗಳನ್ನು ಓದುತ್ತಾರೆ. ಒಂದು ಬಗೆಯ ಯಂತ್ರ ಒಂದು ಚೂರಿನಲ್ಲಿ 150 ಅಕ್ಷರದಷ್ಟು ಓದುತ್ತದೆ. ಚೂರುಗಳು ಒಂದರ ಮೇಲೊಂದು ಹಾಯುತ್ತವೆ. ಒಂದರ ಕೊನೆ ಇನ್ನೊಂದರ ಮೊದಲಿಗೆ ಹೊಂದಿದರೆ ಎರಡನ್ನೂ ಜೋಡಿಸಬಹುದು. ಯಂತ್ರವೂ ತಪ್ಪುತ್ತದೆ. ಅದಕ್ಕಾಗಿ ಒಂದೇ ಜಾಗವನ್ನು ಮೂವತ್ತು ಸಲವಾದರೂ ಓದಿ, ಹೆಚ್ಚು ಓದುಗಳು ಒಪ್ಪುವ ಅಕ್ಷರವನ್ನು ಉಳಿಸಿಕೊಳ್ಳುತ್ತಾರೆ. ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು ಶುದ್ಧಪಾಠ ನಿರ್ಣಯಿಸುವ ಸಂಪಾದಕ ಮಾಡುವುದೂ ಇದನ್ನೇ.

ಆದರೆ ಒಂದು ತೊಡಕಿದೆ. ಕೀರ್ತನೆಯಲ್ಲಿ ಪಲ್ಲವಿ ಪ್ರತಿ ಚರಣದ ಕೊನೆಗೂ ಮರಳಿ ಬರುತ್ತದೆ. ನಿಮ್ಮ ಕೈಗೆ ಬರಿಯ ಪಲ್ಲವಿ ಇರುವ ಚೂರು ಸಿಕ್ಕಿದರೆ ಅದು ಎರಡನೆಯ ಚರಣದ ನಂತರದ್ದೋ ನಾಲ್ಕನೆಯದರ ನಂತರದ್ದೋ ಹೇಳಲಾಗದು. ಜೀನೋಮ್‌ನಲ್ಲಿ ಇಂಥ ಮರುಕಳಿಸುವ ಭಾಗ ವಿಪರೀತ. ಇದಕ್ಕೆ ಉಪಾಯ ಉದ್ದನೆಯ ಓದು. ಹತ್ತಾರು ಸಾವಿರ ಅಕ್ಷರಗಳನ್ನು ಒಂದೇ ಎಳೆಯಲ್ಲಿ ಓದುವ ಯಂತ್ರಗಳು ಬಂದ ಮೇಲೆ ಪಲ್ಲವಿಯ ಜೊತೆಗೆ ಅದರ ಹಿಂದಿನ ಚರಣ, ಮುಂದಿನ ಚರಣ ಎರಡೂ ಒಂದೇ ಚೂರಿನಲ್ಲಿ ಸಿಗುತ್ತವೆ. ಆಮೇಲೆ ಜೀವಕೋಶದೊಳಗೆ ಯಾವ ಭಾಗ ಯಾವುದರ ಪಕ್ಕದಲ್ಲಿ ಮಡಿಚಿಕೊಂಡಿತ್ತು ಎಂಬುದನ್ನು ಅಂಟಿಸಿ ಗುರುತು ಹಿಡಿಯುವ ಇನ್ನೊಂದು ವಿಧಾನವಿದೆ. ಅದರಿಂದ ಗರಿಗಳೆಲ್ಲ ತಮ್ಮ ತಮ್ಮ ಕಟ್ಟಿಗೆ ಸೇರುತ್ತವೆ. ಆ ಕಟ್ಟುಗಳೇ ವರ್ಣತಂತುಗಳು. ಕರಿಗಾಲಿನ ಫೆರೆಟ್‌ಗೆ 38 ವರ್ಣತಂತು. ಅದರ ಸಾಕುಬಳಗದ ಫೆರೆಟ್‌ಗೆ 40. ವರ್ಣತಂತುಗಳ ಪೂರ್ಣ ಉದ್ದಕ್ಕೆ ಜೋಡಿಸಿದ ಜೀನೋಮ್ 2023ರಲ್ಲಿ ಪ್ರಕಟವಾಯಿತು.

ಇನ್ನೊಂದು ಮಾತು ಹೇಳಿ ಈ ಭಾಗ ಮುಗಿಸುತ್ತೇನೆ, ಏಕೆಂದರೆ ಮುಂದಿನದಕ್ಕೆಲ್ಲ ಅದೇ ಬುನಾದಿ. ಪ್ರತಿ ಪ್ರಾಣಿಯಲ್ಲೂ ಈ ಗ್ರಂಥದ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಅಲ್ಲಲ್ಲಿ ಪಾಠಾಂತರ ಕಾಣುತ್ತದೆ. ಆ ಪಾಠಾಂತರವೇ ಆ ಜೀವದ ಬಂಡವಾಳ. ಒಂದು ಪ್ರತಿಯಲ್ಲಿ ಗೆದ್ದಲು ತಿಂದ ಕಡೆ ಇನ್ನೊಂದು ಪ್ರತಿ ಕೈಹಿಡಿಯುತ್ತದೆ. ತಾಯಿತಂದೆ ಒಂದೇ ಕುಟುಂಬದವರಾದರೆ ಎರಡೂ ಪ್ರತಿಗಳು ಒಂದೇ ಮೂಲದಿಂದ ನಕಲಾದವು. ಗೆದ್ದಲು ಎರಡರಲ್ಲೂ ಅದೇ ಜಾಗದಲ್ಲಿ ತಿಂದಿರುತ್ತದೆ. ಲಕ್ಷಗಟ್ಟಲೆ ಅಕ್ಷರಗಳವರೆಗೆ ಒಂದೂ ಪಾಠಾಂತರವಿಲ್ಲದ ಉದ್ದನೆಯ ಭಾಗಗಳು ಕಂಡರೆ, ಅದು ಒಳಸಂಬಂಧದ ಗುರುತು.

ಮೂರು: ಓದಿದಾಗ ಕಂಡದ್ದು

ಇನ್ನು ಮೂರನೆಯ ಭಾಗ. ಸಾಕಣೆ ಕೇಂದ್ರದವರ ಬಳಿ ಮೊದಲಿನಿಂದಲೂ ವಂಶಾವಳಿಯ ಪುಸ್ತಕ ಇತ್ತು. ಯಾವ ಮರಿ ಯಾರದು ಎಂದು ಬರೆದಿಟ್ಟು, ಆದಷ್ಟು ದೂರದ ಸಂಬಂಧ ನೋಡಿ ಜೋಡಿ ಮಾಡುತ್ತಿದ್ದರು. ಆದರೂ ತಲೆಮಾರು ಕಳೆದಂತೆ ಗಂಡುಗಳ ವೀರ್ಯದ ಗುಣ ಕುಂದಿತು, ಹುಟ್ಟುವ ಮರಿಗಳ ಪ್ರಮಾಣ ಇಳಿಯಿತು. ಪುಸ್ತಕ ಹೇಳುವುದು ಲೆಕ್ಕದ ಸರಾಸರಿಯನ್ನು. ಒಂದು ನಿರ್ದಿಷ್ಟ ಮರಿಯ ಮೈಯಲ್ಲಿ ನಿಜಕ್ಕೂ ಏನು ಉಳಿದಿದೆ, ಏನು ಕಳೆದಿದೆ ಎಂಬುದನ್ನು ಜೀನೋಮ್ ಮಾತ್ರ ಹೇಳಬಲ್ಲದು.

2010ರ ದಶಕದಲ್ಲಿ ನಾಲ್ಕು ಫೆರೆಟ್‌ಗಳ ಜೀನೋಮ್ ಓದಿದರು. ಎರಡು ಈ ಕಾಲದವು. ಅವುಗಳಲ್ಲಿ ಬಾಲ್ಬೋವಾ ಎಂಬುದು, ಬಹಳ ವರ್ಷ ಹೆಪ್ಪುಗಟ್ಟಿಸಿ ಇಟ್ಟಿದ್ದ ವೀರ್ಯದಿಂದ ಹುಟ್ಟಿದ್ದು. ಇನ್ನೆರಡು 1980ರ ದಶಕದಲ್ಲೇ ಸತ್ತವು. ಆ ಎರಡರಲ್ಲಿ ಒಂದು ವಿಲ್ಲಾ ಎಂಬ ಹೆಣ್ಣು. ಇಂದಿನ ವಿಷಯದ ಕೇಂದ್ರ ಇದೇ ವಿಲ್ಲಾ.

ವಿಲ್ಲಾ ಮೀಟೀಟ್ಸಿಯಿಂದ ಹಿಡಿದು ತಂದ ಫೆರೆಟ್. 1988ರಲ್ಲಿ ಸತ್ತಿತು. ಅದರ ಸಂತಾನ ಇಂದು ಒಂದೂ ಇಲ್ಲ, ಆದ್ದರಿಂದ ಆ ಏಳರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ವಯೋಮಿಂಗ್‌ನ ವನ್ಯಜೀವಿ ಇಲಾಖೆಯವರು ಅದರ ಅಂಗಾಂಶದ ಒಂದು ತುಣುಕನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಮೃಗಾಲಯಕ್ಕೆ ಕಳಿಸಿದರು. ಅಲ್ಲಿ 1975ರಲ್ಲಿ ಕರ್ಟ್ ಬೆನಿರ್ಶ್ಕೆ ಎಂಬ ವೈದ್ಯವಿಜ್ಞಾನಿ ಆರಂಭಿಸಿದ 'ಫ್ರೋಜನ್ ಝೂ', ಎಂದರೆ ಹೆಪ್ಪುಗಟ್ಟಿದ ಮೃಗಾಲಯ, ಇದೆ.

ಅಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಾಂಶದ ತುಣುಕನ್ನು ಅಕ್ಕಿನುಚ್ಚಿಗಿಂತ ಸಣ್ಣದಾಗಿ ಕೊಚ್ಚುತ್ತಾರೆ. ಪೋಷಕ ದ್ರವವಿರುವ ಚಪ್ಪಟೆ ಸೀಸೆಯಲ್ಲಿಟ್ಟು ಮೈಬಿಸಿಯಷ್ಟು ಶಾಖದಲ್ಲಿ ಇಡುತ್ತಾರೆ. ದಿನಗಳು ಕಳೆದಂತೆ ತುಣುಕಿನ ಅಂಚಿನಿಂದ ಜೀವಕೋಶಗಳು ಒಂದೊಂದಾಗಿ ಹೊರಗೆ ಹರಿದು ಬರುತ್ತವೆ. ಉದ್ದನೆಯ ಕದಿರಿನ ಆಕಾರದವು. ಸೀಸೆಯ ತಳಕ್ಕೆ ಅಂಟಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ತಳವನ್ನೆಲ್ಲ ಚಾಪೆ ಹಾಸಿದಂತೆ ತುಂಬುತ್ತವೆ. ಅವನ್ನು ಮೆಲ್ಲಗೆ ಬಿಡಿಸಿ, ಒಳಗಿನ ನೀರು ಹರಳುಗಟ್ಟಿ ಕೋಶ ಸೀಳದಂತೆ ರಕ್ಷಕ ದ್ರಾವಣ ಬೆರೆಸಿ, ಪುಟ್ಟ ಸೀಸೆಗಳಿಗೆ ತುಂಬುತ್ತಾರೆ. ನಿಧಾನವಾಗಿ ತಣಿಸಿ ಕಡೆಗೆ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಅಲ್ಲಿ ಜೀವಕೋಶಕ್ಕೆ ಕಾಲ ನಿಂತುಬಿಡುತ್ತದೆ.

ವಿಲ್ಲಾಳ ಕೋಶಗಳನ್ನು ಹೀಗೆ ಎತ್ತಿಟ್ಟ 1988ರಲ್ಲಿ ಮನುಷ್ಯನ ಜೀನೋಮ್ ಓದುವ ಯೋಜನೆ ಕೂಡ ಆರಂಭವಾಗಿರಲಿಲ್ಲ. ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಲು ಇನ್ನೂ ಎಂಟು ವರ್ಷ ಇತ್ತು. ಇಟ್ಟವರಿಗೆ ಇದರ ಉಪಯೋಗ ಹೀಗೇ ಆಗುತ್ತದೆ ಎಂದು ತಿಳಿದಿರಲು ಸಾಧ್ಯವೇ ಇರಲಿಲ್ಲ. ಮುಂದೆ ಯಾರಿಗಾದರೂ ಬೇಕಾದೀತು ಎಂದು ಇಟ್ಟರು.

ಓದಿದಾಗ ಕಂಡದ್ದೇನು? ಈಗ ಬದುಕಿರುವ ಫೆರೆಟ್‌ಗಳಿಗೆ ಹೋಲಿಸಿದರೆ ವಿಲ್ಲಾಳ ಜೀನೋಮ್‌ನಲ್ಲಿ ವಿಶಿಷ್ಟ ಪಾಠಾಂತರಗಳು ಸುಮಾರು ಮೂರು ಪಟ್ಟು ಹೆಚ್ಚು. ಏಳರ ವಂಶದಲ್ಲಿ ಕಳೆದುಹೋದ ಸಂಪತ್ತು ಆ ಸೀಸೆಯಲ್ಲಿ ಇನ್ನೂ ಇತ್ತು. ಓದದೆ ಇದ್ದಿದ್ದರೆ ಇದು ತಿಳಿಯುತ್ತಿರಲಿಲ್ಲ. ಎತ್ತಿಡದೆ ಇದ್ದಿದ್ದರೆ ಓದಲು ಏನೂ ಇರುತ್ತಿರಲಿಲ್ಲ.

ಮುಂದಿನದು ಸಂಕ್ಷೇಪವಾಗಿ. ಸಾಕು ಫೆರೆಟ್‌ನ ಅಂಡಾಣುವಿನಿಂದ ಕೋಶಕೇಂದ್ರ ತೆಗೆದು ಅಲ್ಲಿ ವಿಲ್ಲಾಳ ಕೋಶಕೇಂದ್ರವನ್ನು ಇರಿಸಿದರು. ಇನ್ನೊಂದು ಸಾಕು ಫೆರೆಟ್‌ನ ಗರ್ಭದಲ್ಲಿ ಅದು ಬೆಳೆಯಿತು. 2020ರ ಡಿಸೆಂಬರ್ 10ರಂದು ಕೊಲೊರಾಡೋದ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಆ ತದ್ರೂಪಿ ಮರಿಗೆ ಎಲಿಜಬೆತ್ ಆ್ಯನ್ ಎಂದು ಹೆಸರಿಟ್ಟರು. ಗರ್ಭಕೋಶದ ತೊಂದರೆಯಿಂದ ಅದಕ್ಕೆ ಮರಿಯಾಗಲಿಲ್ಲ. ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಅದೇ ಕೋಶಗಳಿಂದ 2023ರಲ್ಲಿ ನೊರೀನ್ ಮತ್ತು ಆಂಟೋನಿಯಾ ಹುಟ್ಟಿದವು. 2024ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಆಂಟೋನಿಯಾ ಮೂರು ಮರಿ ಹಾಕಿತು. ಒಂದು ಸತ್ತಿತು. ಒಂದು ಗಂಡು, ಒಂದು ಹೆಣ್ಣು ಉಳಿದವು. ಅಮೆರಿಕದ ಅಳಿವಿನಂಚಿನ ಪ್ರಭೇದವೊಂದರ ತದ್ರೂಪಿ ಮರಿ ಹಾಕಿದ್ದು ಅದೇ ಮೊದಲು. ಸತ್ತು ಮೂವತ್ತಾರು ವರ್ಷದ ಮೇಲೆ ವಿಲ್ಲಾಳ ವಂಶದ ಬಾಗಿಲು ತೆರೆಯಿತು.

ಇಲ್ಲೂ ಜೀನೋಮ್ ಓದು ಒಂದು ಎಚ್ಚರ ಹೇಳುತ್ತದೆ. ಕೋಶಕೇಂದ್ರದ ಹೊರಗೆ ಮೈಟೊಕಾಂಡ್ರಿಯಾ ಎಂಬ ಕೋಶಾಂಗದಲ್ಲಿ ಸಣ್ಣದೊಂದು ಡಿಎನ್ಎ ಇದೆ. ಅದು ಅಂಡಾಣುವಿನ ಜೊತೆ ಬರುವುದರಿಂದ ಈ ತದ್ರೂಪಿಗಳಲ್ಲಿ ಅದು ಸಾಕು ಫೆರೆಟ್‌ನದು. ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ, ತಂದೆಯಿಂದ ಇಳಿಯುವುದಿಲ್ಲ. ಹಾಗಾಗಿ ಆಂಟೋನಿಯಾಳ ಗಂಡುಮರಿಯನ್ನು ಶುದ್ಧ ಕರಿಗಾಲಿನ ಹೆಣ್ಣಿನೊಂದಿಗೆ ಕೂಡಿಸಿದರೆ ಮುಂದಿನ ಮರಿಗಳಲ್ಲಿ ವಿಲ್ಲಾಳ ಪಾಠಾಂತರಗಳು ಉಳಿಯುತ್ತವೆ, ಪರಕೀಯ ಮೈಟೊಕಾಂಡ್ರಿಯಾ ಕಳಚಿಹೋಗುತ್ತದೆ.

ನಾಲ್ಕು: ಓದಿನ ಮಿತಿ, ನಮ್ಮ ಹೊಣೆ

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇಷ್ಟೆಲ್ಲ ಆದರೂ ಹುಲ್ಲುಗಾವಲಿನಲ್ಲಿ ಇಂದು ಈ ಫೆರೆಟ್‌ಗಳು ಇರುವುದು ಕೆಲವು ನೂರು ಮಾತ್ರ. ಒಂದು ದೊಡ್ಡ ಕಾರಣ ಪ್ಲೇಗು. ಈ ರೋಗದ ಕಥೆ ನಮ್ಮ ಊರುಗಳ ಕಥೆಯೂ ಹೌದು.

ನಾನು ಚಿಕ್ಕವನಿದ್ದಾಗ ನಮ್ಮಜ್ಜಿ, ಅಟ್ಟದಿಂದ ಸತ್ತ ಇಲಿ ಬಿದ್ದರೆ ಮುಖ ಬಿಳಿಚಿಕೊಂಡು ನಿಂತುಬಿಡುತ್ತಿದ್ದರು. 'ಇಲಿ ಬಿತ್ತು' ಎಂದರೆ ಅವರ ಬಾಲ್ಯದಲ್ಲಿ ಊರು ಖಾಲಿ ಮಾಡುವ ಸೂಚನೆ. ಪಾತ್ರೆಪಡಗ ಹೊತ್ತು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಪ್ಲೇಗು 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದ್ದರ ಹಿಂದೆ ಆ ಭಯವಿತ್ತು. ಪ್ಲೇಗಿನ ಅಮ್ಮನ ಗುಡಿಗಳು ಇಂದಿಗೂ ಇವೆ. ಏಷ್ಯಾದ ಬಂದರುಗಳಿಂದ ಹೊರಟ ಅದೇ ಮಹಾಮಾರಿ 1900ರಲ್ಲಿ ಹಡಗಿನ ಇಲಿಗಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪಿತು. ಅಲ್ಲಿ ಕಾಡಿನ ಅಳಿಲುಗಳಿಗೆ ದಾಟಿ, ಚಿಗಟಗಳ ಮೂಲಕ ಒಳನಾಡಿಗೆ ಹರಡಿ, ದಶಕಗಳ ಮೇಲೆ ಪ್ರೇರಿ ಡಾಗ್‌ಗಳ ಬಿಲ ಹೊಕ್ಕಿತು. ಅಮೆರಿಕದ ಆ ಪ್ರಾಣಿಗಳು ಈ ರೋಗವನ್ನು ಹಿಂದೆ ಕಂಡೇ ಇರಲಿಲ್ಲ. ನಮ್ಮಜ್ಜಿಯ ಊರನ್ನು ಖಾಲಿ ಮಾಡಿಸಿದ ರೋಗವೇ ಫೆರೆಟ್‌ನ ಊರನ್ನೂ ಖಾಲಿ ಮಾಡಿಸಿತು.

ಇದಕ್ಕೆ ಇಂದು ಮಾಡುತ್ತಿರುವ ಕೆಲಸ ಕೈಕೆಲಸ. ಚಿಗಟ ಸಾಯಲೆಂದು ಬಿಲಬಿಲಕ್ಕೂ ಹೋಗಿ ಔಷಧದ ಪುಡಿ ಊದುತ್ತಾರೆ. ಫೆರೆಟ್‌ಗಳನ್ನು ರಾತ್ರಿ ಹಿಡಿದು ಲಸಿಕೆ ಹಾಕಿ ಬಿಡುತ್ತಾರೆ. ಸಾಕು ಫೆರೆಟ್‌ಗಳು ಪ್ಲೇಗಿಗೆ ಅಷ್ಟಾಗಿ ಬಲಿಯಾಗುವುದಿಲ್ಲ. ಈ ವ್ಯತ್ಯಾಸ ಜೀನೋಮ್‌ನ ಯಾವ ಸಾಲಿನಲ್ಲಿದೆ ಎಂಬ ಹುಡುಕಾಟ ನಡೆದಿದೆ. ಆ ಸಾಲು ಸಿಕ್ಕಿದರೂ ಪ್ರೇರಿ ಡಾಗ್‌ಗಳಿಲ್ಲದ ಬಯಲಿನಲ್ಲಿ ಫೆರೆಟ್ ಬದುಕಿ ಉಳಿಯದು. ಜೀನೋಮ್ ಎಷ್ಟು ಚೆನ್ನಾಗಿ ಓದಿದರೂ ಅದರಿಂದ ಒಂದು ಎಕರೆ ಹುಲ್ಲುಗಾವಲು ಬೆಳೆಯುವುದಿಲ್ಲ. ನೆಲವೂ ಅಸಲೇ. ಅದನ್ನು ಕರಗಿಸಿಬಿಟ್ಟರೆ ಸೀಸೆಯಲ್ಲಿಟ್ಟ ಕೋಶಗಳಿಗೆ ಹೋಗಲು ಮನೆಯಿಲ್ಲ.

ನಮ್ಮಲ್ಲೇನಿದೆ ಎಂದು ಕೇಳಿಕೊಳ್ಳೋಣ. ತುಮಕೂರಿನ ಕುರುಚಲು ಕಾಡಿನ ಕಾಡುಪಾಪ ಇದೆ. ಪಶ್ಚಿಮಘಟ್ಟದ ಮರಗಳಲ್ಲಿ ರಾತ್ರಿ ಓಡಾಡುವ, ಬೆನ್ನಲ್ಲಿ ಮುಳ್ಳುಗೂದಲಿರುವ ಮಲಬಾರ್ ಮುಳ್ಳು ಡಾರ್‌ಮೌಸ್ ಇದೆ. ತುಂಗಭದ್ರೆಯ ಬಂಡೆಗಳ ನಡುವೆ ಈಜುವ ನೀರುನಾಯಿ ಇದೆ. ಹುಲಿ, ಆನೆಗೆ ಸಿಗುವ ಗಮನ ಈ ಸಣ್ಣವಕ್ಕೆ ಸಿಗುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಕೋನ್ಸ್ ಕೇಂದ್ರದಲ್ಲಿ 2018ರಲ್ಲಿ ವನ್ಯಜೀವಿಗಳ ಜೀವಕೋಶಗಳನ್ನು ಕಾಪಿಡುವ ರಾಷ್ಟ್ರೀಯ ಬ್ಯಾಂಕ್ ಆರಂಭವಾಗಿದೆ. ಹಾದಿ ಇದೆ. ಅರಣ್ಯ ಇಲಾಖೆ, ಪಶುವೈದ್ಯರು, ನಮ್ಮ ವಿಶ್ವವಿದ್ಯಾಲಯಗಳು ಕೈಜೋಡಿಸಿದರೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಕಾಡುಪಾಪದ ಮೈಯಿಂದ ಕೂಡ, ಕಾನೂನಿನ ಅನುಮತಿಯೊಂದಿಗೆ, ಸಕಾಲದಲ್ಲಿ ಒಂದು ತುಣುಕನ್ನು ಎತ್ತಿಡಬಹುದು. ಯಾವ ಊರಿನದು, ಯಾವ ದಿನದ್ದು ಎಂದು ಚೀಟಿಯಲ್ಲಿ ಬರೆದಿಡಬಹುದು. ಅಷ್ಟು ಮಾಡಿದರೆ ನಮ್ಮ ಪಾಲಿನ ಕೆಲಸ ಆಯಿತು. ಅದನ್ನು ಓದುವವರು ಇನ್ನೂ ಹುಟ್ಟದೇ ಇರಬಹುದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಜೀನೋಮ್ ಓದುವ ಯಂತ್ರದ ಮುಂದೆ ಕೂರುತ್ತೀರಿ. ಇನ್ನು ಕೆಲವರು ಅರಣ್ಯಾಧಿಕಾರಿಗಳಾಗಿ, ಅಧ್ಯಾಪಕರಾಗಿ, ರೈತರಾಗಿ ಇರುತ್ತೀರಿ. ಯಾವ ಕೆಲಸದಲ್ಲಿದ್ದರೂ ನಿಮ್ಮ ಕೈಗೆ ಬಂದದ್ದರಲ್ಲಿ ಮುಟ್ಟಬಾರದ ಅಸಲು ಯಾವುದು ಎಂದು ಒಮ್ಮೆ ಕೇಳಿಕೊಳ್ಳಿ. 1988ರಲ್ಲಿ ಆ ತುಣುಕಿಗೆ ಚೀಟಿ ಅಂಟಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ ಕೈಗಳು ಆ ದಿನ ಬೇರೆ ಹತ್ತು ಕೆಲಸಗಳ ಜೊತೆಗೆ ಇದನ್ನೂ ಮಾಡಿ ಮನೆಗೆ ಹೋಗಿರಬೇಕು. ಅದರ ಬಡ್ಡಿ 2024ರಲ್ಲಿ ವರ್ಜೀನಿಯಾದಲ್ಲಿ ಎರಡು ಮರಿಗಳಾಗಿ ಕಣ್ಣು ಬಿಟ್ಟಿತು.